ಬಾಗಿಲ ಮೇಲಿನ ಗುರುತು

ಪ್ರತಾಪ ನಗರ, ನಾಗಪುರ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಮಹಾದೇವಕ್ಕನಿಗೆ ಗಂಗೂಬಾಯಿಯ ಶರಣು.

ನಿನ್ನ ಎರಡು ಪತ್ರಗಳೂ ಬಂದವು, ಶೇಂಗಾ ಹಿಂಡಿಯ ಡಬ್ಬಿಯೂ ಬಂತು. ಉತ್ತರ ತಡವಾಯಿತು, ಬೇಕಾದರೆ ಬೈದುಕೋ. ನೆರೆ ಇಳಿದ ಮೇಲೆ ಡೆಂಗೂ ಹತ್ತಿಕೊಂಡಿತು. ಆಶಾ ಕಾರ್ಯಕರ್ತೆ ಎಂದರೆ ಓಣಿಗೆಲ್ಲ ಬಿಟ್ಟಿ ಸಿಕ್ಕ ಸೊಸೆ. ಡ್ರಮ್ಮಿನ ನೀರಲ್ಲಿ ಹುಳ ನೋಡುವುದಕ್ಕೂ ನಾನೇ, ಜ್ವರಕ್ಕೂ ನಾನೇ. ಹಿಂಡಿಗೆ ಉಪ್ಪು ಜಾಸ್ತಿಯಾಗಿದೆ. ಗದಗಿನಲ್ಲಿ ಮಗಳ ಬಾಣಂತನ ಮಾಡುತ್ತ ನಿನ್ನ ಕೈ ಕೆಟ್ಟಿದೆ.

ಹೋದ ವಾರ ನನಗೆ ಸನ್ಮಾನ ಮಾಡಿದರು. ಶಾಲು, ತೆಂಗಿನಕಾಯಿ, ಒಂದು ಫಲಕ. ನೆರೆಯ ದಿನ ನಿಮ್ಮ ಓಣಿಯ ರಚನಾಳನ್ನು ಹೆರಿಗೆ ನೋವಿನಲ್ಲೇ ಎತ್ತಿ ದೋಣಿ ಹತ್ತಿಸಿದೆನಲ್ಲ, ಅದಕ್ಕೆ. ಭಾಷಣ ಮಾಡಿದವರು ನನ್ನನ್ನು ಗಂಗಾಬಾಯಿ ಎಂದರು, ಇರಲಿ. ಜನರನ್ನು ಶಾಲೆಗೆ ಸಾಗಿಸಿ ಖಾಲಿಯಾದ ಮನೆಗಳ ಬಾಗಿಲಿಗೆ ನಾವು ಸೀಮೆಸುಣ್ಣದಿಂದ ಗುರುತು ಹಾಕಿದ್ದನ್ನೂ ಹೊಗಳಿದರು. ಪೋಲಿಯೋ ಹನಿ ಹಾಕಿದ ಮನೆಗೆ ಹಾಕುವಂಥದೇ ಗುರುತು. ಅದನ್ನು ಕಂಡು ದೋಣಿಯವರು ಆ ಮನೆ ಬಿಟ್ಟು ಮುಂದೆ ಹೋಗುತ್ತಿದ್ದರು, ಹೊತ್ತು ಉಳಿಯಿತಂತೆ. ಶಾಲನ್ನು ಟ್ರಂಕಿನಲ್ಲಿ ಇಟ್ಟಿದ್ದೇನೆ.

ನಿನ್ನ ಮಗ ನಂದೀಶ ಪ್ರತಿ ಭಾನುವಾರ ಬಂದು ನನ್ನ ಹೊಸ್ತಿಲ ಮೇಲೆ ಕೂರುತ್ತಾನೆ.

"ಮಾವಶಿ, ಅವ್ವಗ ನೀವರೆ ಒಂದ್ ಮಾತ್ ಹೇಳ್ರಿ. ಬಾಗಲಾ ಮ್ಯಾಲ ಗುರ್ತು ಬರೋಬರ್ ಇತ್ತು. ಅಪ್ಪನ್ನ ಸಾಲಿಗೆ ಒಯ್ದಾರ ಅಂತ ತಿಳದು ಸಾಲಿಗೆ ಓಡಿದೆ," ಎನ್ನುತ್ತಾನೆ.

ಪಾಳಿ ಮುಗಿಸಿ ಕನ್ಹಾನಿನ ಕಾರ್ಖಾನೆಯಿಂದ ಎದ್ದು ಬಿದ್ದು ಬಂದವನು ಸೊಂಟದ ನೀರಲ್ಲಿ ನಿಂತು, ಬಾಗಿಲು ನೋಡಿ ತಿರುಗಿದ. ಮರಳಿ ಬರುವಷ್ಟರಲ್ಲಿ ನೀರು ತೊಲೆ ಮುಟ್ಟಿತ್ತು. ಹಾಸಿಗೆ ಹಿಡಿದಿದ್ದ ನಿನ್ನ ಯಜಮಾನರು ರಾಮಣ್ಣನವರು ಒಳಗೇ ಇದ್ದರು. ನೆರೆ ಇಳಿದಾಗ ಬಾಗಿಲ ಮೇಲೆ ಕೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

ಸುದ್ದಿ ತಿಳಿದು ನೀನು ಗದಗಿನಿಂದ ಬಂದವಳೇ ಕೇಳಿದೆ: "ಗಂಗೂ, ಖರೇ ಹೇಳು, ನಮ್ಮ ಬಾಗಲಕ್ಕ ನೀ ಗುರ್ತು ಹಾಕಿದ್ದೇನ?" ಇಲ್ಲ ಎಂದೆ. ನಿಮ್ಮ ಮನೆಯ ತನಕ ನಾನು ಬಂದೇ ಇರಲಿಲ್ಲ ಎಂದೆ. ಆಮೇಲೆ ರಾಮಣ್ಣನವರ ಕುಣಿಯ ಹತ್ತಿರ ನೀನು ನಂದೀಶನ ಕೈಗೆ ಹೊಡೆದು ಅದರಲ್ಲಿದ್ದ ಮಣ್ಣು ಕೆಡವಿದೆ. "ಜೀವಂತ ಇದ್ದಾಗ ಬಾಗಲಾ ತಗೀಲಿಲ್ಲ, ಈಗ ಮಣ್ಣ ಹಾಕಾಕ ಬಂದಿ?" ಎಂದೆ. ಹೆತ್ತ ತಂದೆಗೆ ಒಂದು ಹಿಡಿ ಮಣ್ಣು ಹಾಕಗೊಡಲಿಲ್ಲ. ನಾನು ನಿನ್ನ ಪಕ್ಕದಲ್ಲೇ ನಿನ್ನ ರಟ್ಟೆ ಹಿಡಿದು ನಿಂತಿದ್ದೆ.

ಈಗ ಓಣಿಯವರು ಅವನನ್ನು ಕಂಡರೆ ನಗುತ್ತಾರೆ. ಅವನ ಅಳು ಕೇಳಿ ಕೇಳಿ ನನಗೂ ತಲೆ ಕೆಟ್ಟು, ಕಳೆದ ಭಾನುವಾರ ಅಂದುಬಿಟ್ಟೆ: "ಅಂಜಿದೆ ಅಂತ ಒಪ್ಪಕೊಂಡ್ ಬಿಡಪಾ, ಹಗುರಾಗ್ತಿ."

ಚಳಿ ಶುರುವಾಗಿದೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಮೊಮ್ಮಗಳಿಗೆ ನನ್ನ ಆಶೀರ್ವಾದ. ನೂರು ವರ್ಷ ಬಾಳಲಿ. ಚುಚ್ಚುಮದ್ದು ತಪ್ಪಿಸಬೇಡಿ.

ನಿನ್ನ ತಂಗಿಯಂಥವಳು,
ಗಂಗೂಬಾಯಿ

ತಾ.ಕ.: ಪತ್ರ ಮಡಿಚುವಾಗ ನಂದೀಶ ಬಂದ. ಇವತ್ತು ಕೂರಲಿಲ್ಲ, ಅಳಲಿಲ್ಲ. "ನೀವು ಹೇಳಿದ್ದು ಖರೆ ಮಾವಶಿ. ಗುರ್ತು ಇರಲೇ ಇಲ್ಲ. ನಾನಽ ಅಂಜಿ ಓಡಿದೆ," ಎಂದು ಹೇಳಿ ಹೋದ.

ಗುರುತು ಇತ್ತು, ಅಕ್ಕಾ. ಹಾಕಿದವಳು ನಾನು. ಪೋಲಿಯೋ ಕೆಲಸದಿಂದ ಬಂದ ರೂಢಿ ನನ್ನದು: ಮೊದಲು ಬಾಗಿಲಿಗೆ ಗುರುತು, ಆಮೇಲೆ ಮನೆಯೊಳಗೆ. ಗುರುತು ಹಾಕಿದೆ, ಅಷ್ಟರಲ್ಲಿ ಎರಡು ಮನೆ ಆಚೆ ರಚನಾ ಚೀರಿದಳು. ಸೀಮೆಸುಣ್ಣದ ಸದ್ದು ರಾಮಣ್ಣನವರಿಗೆ ಕೇಳಿಸಿತ್ತು. "ಯಾರು, ಗಂಗೂಬಾಯಿ ಏನ್ರಿ?" ಎಂದು ಒಳಗಿನಿಂದ ಕೇಳಿದರು.

"ಹೂಂ ಅಣ್ಣಾ, ಬಂದೆ," ಎಂದು ಹೇಳಿ ಹೋದೆ.