ನಮ್ಮ ಆಫೀಸಿನವರೊಬ್ಬರು

ಜೂನ್ ೧೪, ಭಾನುವಾರ

ಪ್ರೀತಿಯ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ಹೊಸ ಮನೆಯ ವಿಳಾಸ ಕಳಿಸಿ ಎಷ್ಟು ದಿನವಾಯಿತು, ಅಮ್ಮ ಒಂದು ಸಾಲೂ ಬರೆಯಲಿಲ್ಲ ಎಂದು ಮುನಿಸಿಕೊಳ್ಳಬೇಡ. ಫೋನಿರುವಾಗ ಕಾಗದ ಯಾಕೆ ಎಂದು ನಗಲೂ ಬೇಡ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು "ಗೊತ್ತಾಯ್ತಮ್ಮ, ಗೊತ್ತಾಯ್ತು" ಎನ್ನುತ್ತೀಯ. ಕಾಗದಕ್ಕೆ ಹಾಗೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ.

ಇಲ್ಲಿ ಎಲ್ಲ ಕ್ಷೇಮ. ಅಪ್ಪ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ. ಈಗ ಹಳೆಯದನ್ನು ಹಾಕಿಕೊಂಡು ಹೊಸದನ್ನು ಹುಡುಕುವುದೇ ಅವರ ಕೆಲಸ. ಅಡುಗೆಮನೆಯ ನಲ್ಲಿ ಇನ್ನೂ ಸೋರುತ್ತಿದೆ. "ನಾಳೆ ಬರ್ತೀನಿ" ಎಂದ ಪ್ಲಂಬರನ ನಾಳೆ ಇನ್ನೂ ಬಂದಿಲ್ಲ. ಆಫೀಸಿನಲ್ಲಿ ನಮ್ಮ ಬಿಲ್ ವಿಭಾಗವನ್ನು ಮೂರನೇ ಮಹಡಿಗೆ ಏರಿಸಿದ್ದಾರೆ. ಸಂಬಳ ಮಾತ್ರ ಕೆಳಗೇ ಉಳಿದಿದೆ.

ಹೋದ ವರ್ಷ ನೀನು ಬಂದಿದ್ದಾಗ ಪಾತ್ರೆ ಒರೆಸುತ್ತಾ ನಾನೊಂದು ವಿಷಯ ಕೇಳಿದ್ದೆ, ನೆನಪಿದೆಯಾ? ನೀನು ಪಾಸು ಮಾಡಿದೆಯಲ್ಲ, ಆ ಹಣಕಾಸಿನ ಪರೀಕ್ಷೆ, ಅದಕ್ಕೆ ಐವತ್ತು ದಾಟಿದವರು ಕೂರಬಹುದಾ, ಕೂತರೆ ಯಾವ ಪುಸ್ತಕ ಕೊಳ್ಳಬೇಕು ಎಂದು. "ಯಾರಮ್ಮಾ?" ಎಂದು ನೀನು ಕೇಳಿದೆ. "ನಮ್ಮ ಆಫೀಸಿನವರೊಬ್ಬರು" ಎಂದು ನಾನು ಹೇಳಿದೆ.

"ಅಯ್ಯೋ, ಈ ವಯಸ್ಸಲ್ಲಿ ಅವರಿಗ್ಯಾಕಮ್ಮ ಈ ಉಸಾಬರಿ? ಆರು ಪುಸ್ತಕದ ದೊಡ್ಡ ಸೆಟ್ಟಂತೂ ಬೇಡವೇ ಬೇಡ, ತಲೆಗೆ ಹತ್ತಲ್ಲ. ತೆಳ್ಳಗಿನ ನೋಟ್ಸ್ ಸಿಗುತ್ತೆ, ಅದನ್ನೇ ತಗೊಳ್ಳಿ ಅನ್ನು. ಆಸೆನೂ ತೀರುತ್ತೆ" ಎಂದಿದ್ದೆ ನೀನು.

ಅವರು ನಿನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ತೆಳ್ಳಗಿನ ನೋಟ್ಸನ್ನೇ ತಂದರು. ಓದಲು ಕೂತ ಮೇಲೆ ತಿಳಿಯಿತು, ಅದು ಕಲಿಸುವ ಪುಸ್ತಕವಲ್ಲ, ಕಲಿತವರಿಗೆ ನೆನಪು ಮಾಡಿಕೊಡುವ ಪುಸ್ತಕ. ಒಲೆ ಹಚ್ಚಿ ಗೊತ್ತಿಲ್ಲದವರಿಗೆ "ರುಚಿಗೆ ತಕ್ಕಷ್ಟು ಉಪ್ಪು" ಎಂದ ಹಾಗೆ. ನೀನು ದೊಡ್ಡ ಸೆಟ್ಟನ್ನು ಅರೆದು ಕುಡಿದ ಮೇಲೆ ನೋಟ್ಸ್ ಹಿಡಿದಿದ್ದೆ, ಆದ್ದರಿಂದ ನಿನಗೆ ಅದು ಸಾಕೆನಿಸಿತ್ತು. ಆಮೇಲೆ ಅವರು ಪ್ರಶ್ನೆಗಳ ಪುಸ್ತಕ ತಂದರು. ಉತ್ತರ ತಪ್ಪಾಗುತ್ತಿತ್ತು, ಯಾಕೆ ತಪ್ಪು ಎಂದು ನೋಟ್ಸ್ ಹೇಳುತ್ತಿರಲಿಲ್ಲ. ತಮಗೆ ವಯಸ್ಸಾಯಿತು, ಅದಕ್ಕೇ ಹತ್ತುತ್ತಿಲ್ಲ ಎಂದುಕೊಂಡು ಅರ್ಧ ವರ್ಷ ಕಳೆದರು.

ಕೊನೆಗೆ ಬಸ್ ನಿಲ್ದಾಣದ ಹಿಂದಿನ ಹಳೆ ಪುಸ್ತಕದ ಅಂಗಡಿಯಲ್ಲಿ ಆರು ಪುಸ್ತಕದ ಸೆಟ್ ಸಿಕ್ಕಿತು. "ಮಕ್ಕಳು ಓದ್ತಿದಾರಾ?" ಎಂದು ಅಂಗಡಿಯವನು ಕೇಳಿದ. ಹೂಂ ಎಂದು ಎತ್ತಿಕೊಂಡು ಬಂದರು. ಊಟದ ಬಿಡುವಿನಲ್ಲಿ ಹಳೆ ಕಡತಗಳ ಕೋಣೆಗೆ ಹೋಗಿ, ಮುರಿದ ಪ್ರಿಂಟರಿನ ಪಕ್ಕ ಕೂತು ಓದಿದರು. ಬಡ್ಡಿ ಏರಿದರೆ ಹಳೆಯ ಬಾಂಡಿನ ಬೆಲೆ ಯಾಕೆ ಇಳಿಯುತ್ತದೆ ಎಂದು ಅರ್ಥವಾದ ದಿನ ಅವರ ಕಣ್ಣು ತುಂಬಿತ್ತು. ಇಷ್ಟು ವರ್ಷ ಬೇರೆಯವರು ಕೊಟ್ಟ ಅಂಕಿಗಳನ್ನು ಕೂಡಿಸಿದ್ದೇ ಆಯಿತು, ಅವು ಎಲ್ಲಿಂದ ಬರುತ್ತವೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ಚೆಂದವಾಗಿ ಬಿಡಿಸಿ ಬರೆದಿದ್ದಾರೆ ಗುಬ್ಬೀ, ಆ ದೊಡ್ಡ ಪುಸ್ತಕದಲ್ಲಿ.

ಆದರೆ ಅದು ಹಳೆಯ ಮುದ್ರಣ. ಪಾಠಗಳು ಬದಲಾಗಿದ್ದವು. ಹೊಸದಾಗಿ ಸೇರಿದ ಎರಡು ಅಧ್ಯಾಯಗಳನ್ನು ಅವರು ಮೊದಲ ಸಲ ನೋಡಿದ್ದು ಪರೀಕ್ಷೆಯ ಕಂಪ್ಯೂಟರಿನ ಮೇಲೆ. ಆರನೇ ಪುಸ್ತಕವನ್ನಂತೂ ತೆರೆಯಲೂ ಹೊತ್ತು ಸಾಲಲಿಲ್ಲ. ಹೋದ ವಾರ ಫಲಿತಾಂಶ ಬಂತು. ಕೂದಲೆಳೆಯಲ್ಲಿ ಪಾಸು ತಪ್ಪಿಹೋಯಿತು.

ಮೊದಲೇ ದೊಡ್ಡದನ್ನು ತಂದಿದ್ದರೆ, ಹೊಸದನ್ನೇ ತಂದಿದ್ದರೆ ಎಂದು ಈಗ ಕೊರಗುತ್ತಿದ್ದಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿನ್ನನ್ನು ದೂರುತ್ತಿಲ್ಲ. ಕೇಳುವವರು ಸರಿಯಾಗಿ ಕೇಳಬೇಕಿತ್ತು, ಅಷ್ಟೇ. ಮತ್ತೆ ಪರೀಕ್ಷೆ ಕಟ್ಟುವುದೋ ಬಿಡುವುದೋ ಎಂದು ಅವರಿಗೆ ಇನ್ನೂ ತೀರ್ಮಾನವಾಗಿಲ್ಲ. ಅರ್ಜಿ ಹಾಕಲು ಈ ತಿಂಗಳೇ ಕೊನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಫೀಸಿನ ಕೋಪವನ್ನು ಅಳಿಯನ ಮೇಲೆ ತೀರಿಸಿಕೊಳ್ಳಬೇಡ, ಪಾಪದವನು. ಇಬ್ಬರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಆವತ್ತು ನೀನು ಇನ್ನೊಂದು ಮಾತನ್ನೂ ಹೇಳಿದ್ದೆ. "ನಮ್ಮ ಪರೀಕ್ಷೆಗೂ ಅಂಥೋರೊಬ್ಬರು ಬಂದಿದ್ರಮ್ಮ, ನೋಡಿದ್ರೆ ಪಾಪ ಅನ್ನಿಸ್ತು" ಎಂದು ನಕ್ಕೆ. ನಿನ್ನ ಜೊತೆ ನಾನೂ ನಕ್ಕೆ. ಪರೀಕ್ಷೆಯ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ನಿನ್ನ ವಯಸ್ಸಿನ ಹುಡುಗಿಯೊಬ್ಬಳು ಕೂತಿದ್ದಳು. ನನ್ನನ್ನು ನೋಡಿ ಮುಗುಳ್ನಕ್ಕಳು. ಒಳ್ಳೆಯ ಮನಸ್ಸಿನಿಂದಲೇ ನಕ್ಕಿರಬೇಕು. ಇವಳೂ ನನ್ನನ್ನು ಪಾಪ ಎಂದುಕೊಂಡಳಲ್ಲ ಎಂದು ನನಗೆ ಎಷ್ಟೋ ಹೊತ್ತು ಮುಂದಿದ್ದ ಪ್ರಶ್ನೆ ಕಣ್ಣಿಗೇ ಕಾಣಲಿಲ್ಲ.

ನಾನು ಸುಳ್ಳು ಹೇಳಿರಲಿಲ್ಲ ಮಗಳೇ. ನಾನೂ ನಮ್ಮ ಆಫೀಸಿನವಳೇ ತಾನೇ? "ನಾನು" ಎನ್ನಲು ನಾಚಿಕೆಯಾಗಿ "ಒಬ್ಬರು" ಎಂದುಬಿಟ್ಟೆ. ಅಪ್ಪನಿಗೂ ಹೇಳಿಲ್ಲ. ಈ ಕಾಗದದಲ್ಲೂ ಅವರು, ಅವರು ಎಂದೇ ಬರೆದುಕೊಂಡು ಹೋದೆ. ನನಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ, ಬರೆಯಲು ಹಿತವಾಗಿತ್ತು.

ಅರ್ಜಿ ಹಾಕಿದರೆ ಯಾವ ಪುಸ್ತಕ ಕೊಳ್ಳಲಿ, ಇನ್ನೊಂದು ಸಲ ಹೇಳು. ಈ ಸಲ ಕೇಳುತ್ತಿರುವುದು ನಾನು.