ಅಕ್ಕನಿಗೆ ಹೇಳದೆ ಉಳಿದ ಮಾತು

೧೪ ಮಾರ್ಚ್ ೨೦೦೮, ಶುಕ್ರವಾರ
ಕಲ್ಯಾಣದುರ್ಗ

ಇಪ್ಪತ್ತು ದಿನದ ಹಿಂದೆಯೇ ಅಕ್ಕನಿಗೆ ಹೇಳಬೇಕಿತ್ತು. ಭಾವನನ್ನು ಹಿಂದೂಪುರದ ಚಟ ಬಿಡಿಸುವ ಕೇಂದ್ರದಿಂದ ಕರೆತರುವಾಗ ಡಾಕ್ಟರು ನನಗೆ ಹೇಳಿದ್ದರು: ಅಮಲಿನ ಮಾತ್ರೆ ಬಿಟ್ಟ ಮೈ ಇದು, ಮತ್ತೆ ಹಳೆಯಷ್ಟೇ ನುಂಗಿದರೆ ಉಸಿರು ನಿಲ್ಲಬಹುದು. ಮನೆಗೆ ಬರುತ್ತಿರುವ ದಿನವೇ ಅಂಥ ಮಾತು ಹೇಗೆ ಆಡುವುದೆಂದು ಸುಮ್ಮನಾದೆ.

ಇವತ್ತು ಮಧ್ಯಾಹ್ನ ಭಾವ ಕುರಿದೊಡ್ಡಿಯ ಪಕ್ಕ ಬಿದ್ದಿದ್ದರು. ತುಟಿ ನೀಲಿಯಾಗಿತ್ತು, ಗೊರಕೆ ನಡುನಡುವೆ ನಿಲ್ಲುತ್ತಿತ್ತು. ಅಕ್ಕ ಕುಡಿದವರಿಗೆ ಕೊಡುವಂತೆ ಹುಣಸೆಹಣ್ಣು ಕಿವುಚಿದ ನೀರು ತಂದು ಅವರ ಬಾಯಿ ಬಿಡಿಸುತ್ತಿದ್ದಳು.

"ಹುಯ್ಬ್ಯಾಡ ಕಣಕ್ಕ! ಉಸಿರುಗಟ್ಟಿಬುಡ್ತದೆ!" ಎಂದು ಚೊಂಬು ಕಿತ್ತುಕೊಂಡೆ. ನಾನು ಅಷ್ಟು ಜೋರಾಗಿ ಕೂಗಿದ್ದು ಇದೇ ಮೊದಲು.

"ಕತೆ ಪುಸ್ತಕ ಓದ್ಬುಟ್ರೆ ಡಾಕ್ಟ್ರಾಗ್ಬುಟ್ಯೇನೇ? ವಾಂತಿಯಾದ್ರೆ ಎಲ್ಲಾ ಇಳೀತದೆ, ಬಿಡು!"

ನಾನು ಬಿಡಲಿಲ್ಲ. ಭಾವನನ್ನು ಮಗ್ಗುಲಿಗೆ ಹೊರಳಿಸಿ ಗದ್ದ ಎತ್ತಿ ಹಿಡಿದೆ. ಪಕ್ಕದ ಮನೆಯ ಗಂಗುಲಮ್ಮ ೧೦೮ಕ್ಕೆ ಫೋನ್ ಮಾಡಿದರು. ಗಾಡಿ ಬರುವವರೆಗೂ ಒಂದು ಉಸಿರು ಮುಗಿದು ಇನ್ನೊಂದು ಬರುವುದನ್ನೇ ಕಾಯುತ್ತಿದ್ದೆ.

ಸಂಜೆ ಆಸ್ಪತ್ರೆಯಲ್ಲಿ ಭಾವ ಕಣ್ಣು ಬಿಟ್ಟರು. ಅಕ್ಕ ನನ್ನನ್ನು ಹೊರಗೆ ಕರೆದಳು.

"ಸೋಮವಾರ ಕೇಂದ್ರಕ್ಕೆ ಬಾ ಅಂದವ್ರೆ. ಜ್ವರ ಅಂತ ಹೇಳ್ಬುಡು. ಗೊತ್ತಾದ್ರೆ ಮರ್ಯಾದೆ ಹೋಯ್ತದೆ ಕಣೆ."

ಆಗ ಡಾಕ್ಟರ ಮಾತನ್ನು ಹೇಳಿಬಿಟ್ಟೆ.

"ಮೊದ್ಲೇ ಗೊತ್ತಿತ್ತಾ ನಿಂಗೆ?"

ಹೌದೆಂದೆ. ಆಮೇಲೆ ಅವಳು ನನ್ನ ಕಡೆ ನೋಡಿಲ್ಲ.

ಬೆಳಗ್ಗೆ ಕೇಂದ್ರಕ್ಕೆ ನಾನೇ ಫೋನ್ ಮಾಡುತ್ತೇನೆ. ಅಕ್ಕ ಜನ್ಮವಿಡೀ ಮಾತು ಬಿಟ್ಟರೂ ಸರಿ, ಭಾವ ಉಸಿರಾಡಿಕೊಂಡಿದ್ದರೆ ಸಾಕು.