ದಾಕ್ಷಾಯಿಣಿಯ ಅಳತೆ

5 ಜನವರಿ 1998, ಸೋಮವಾರ, ಚಳ್ಳಕೆರೆ

ದಾಕ್ಷಾಯಿಣಿಯನ್ನು ಬೆಳಗ್ಗೆ ಐದೂವರೆ ಬಸ್ಸಿಗೆ ಹತ್ತಿಸಿ ಬಂದೆ. ಎಂದಿನಂತೆ. ಮೊಳಕಾಲ್ಮೂರಿನಲ್ಲಿ ಇಳಿದು ಇನ್ನೊಂದು ಬಸ್. ಸಿದ್ದಾಪುರದ ಬಾಡಿಗೆ ಕೋಣೆಯಲ್ಲಿ ಚೀಲ ಇಟ್ಟು, ಅಲ್ಲಿಂದ ಹಟ್ಟಿಯ ಶಾಲೆಗೆ ಐದು ಕಿಲೋಮೀಟರ್ ನಡಿಗೆ, ಬಂಡೆಗಳ ನಡುವೆ. ಸಂಜೆ ಮತ್ತೆ ಐದು. ಹೀಗೆ ಐದು ವರ್ಷವಾಯಿತು. ದಾಕ್ಷಾಯಿಣಿ ವಾರದಲ್ಲಿ ಒಂದೂವರೆ ದಿನ ನನ್ನ ಹೆಂಡತಿ, ಮಿಕ್ಕ ದಿನ ಹಟ್ಟಿಯ ಮೇಡಂ.

ನಿನ್ನೆ ಅವಳ ಹಿಮ್ಮಡಿ ನೋಡಿದೆ. ಒಡೆದು ರಕ್ತ ಬಂದಿದೆ. "ಚಳಿಗೆ ಎಲ್ರಿಗೂ ಒಡೀತಾವೆ ಬಿಡ್ರಿ" ಅಂದಳು. ಚಳಿಗೆ ಒಡೆಯುವುದಾದರೆ ನನ್ನದೂ ಒಡೆಯಬೇಕಿತ್ತಲ್ಲ.

8 ಜನವರಿ

ಎಣ್ಣೆ ಮಿಲ್ಲಿನ ಡ್ಯೂಟಿ ಮುಗಿಸಿ ಹುಲಿಯಪ್ಪನ ಸೈಕಲ್ ಶಾಪಿಗೆ ಹೋದೆ. ದಾಕ್ಷಾಯಿಣಿ ನಾಲ್ಕಡಿ ಎಂಟಿಂಚು. ಹೋದ ವರ್ಷ ಲೇಡೀಸ್ ಸೈಕಲ್ ಮೇಲೆ ಕೂರಿಸಿ ನೋಡಿದ್ದೆವು. ಪೆಡಲ್ ಕೆಳಗೆ ಹೋದಾಗ ಕಾಲು ಗಾಳಿಯಲ್ಲಿ. ಮಕ್ಕಳ ಸೈಕಲ್ ಬೇಡವೇ ಬೇಡ ಅಂದಿದ್ದಳು — ಹುಡುಗರು ನಕ್ಕರೆ ಆಮೇಲೆ ಮಗ್ಗಿ ಹೇಳಿಸುವುದು ಹೇಗೆ ಅಂತ.

"ಫ್ರೇಮ್ ನಾನೇ ಮಾಡ್ತೀನಿ" ಅಂದೆ.

ಹುಲಿಯಪ್ಪ ಟ್ಯೂಬನ್ನು ನೀರಿಗೆ ಅದ್ದುತ್ತಲೇ ನಕ್ಕ. "ಲೇ ಮುರುಗೇಶ, ನಲವತ್ತು ವರ್ಷದಿಂದ ಪಂಚರ್ ಹಾಕ್ತಿದೀನಿ. ಮನೇಲಿ ಕೂತು ಫ್ರೇಮ್ ಮಾಡಿದೋನ್ನ ಒಬ್ಬನ್ನೂ ಕಂಡಿಲ್ಲ. ಮಿಲ್ಲಿನ ಮೆಷಿನ್ ಅಂದ್ಕಂಡ್ಯೇನೋ? ಇದರ ಮೇಲೆ ಜೀವ ಕೂರ್ತೈತೆ."

ಆದರೂ ಗುಜರಿ ರಾಶಿಯಿಂದ ಒಂದು ಮುರುಕಲು ಫ್ರೇಮ್ ಎಳೆದು ಕೊಟ್ಟ. ಅದರ ಮೂಲೆಯ ಜಾಯಿಂಟುಗಳನ್ನು ಕಾಯಿಸಿ ಬಿಚ್ಚಿಕೊಳ್ಳಬೇಕು. ಪೈಪು ಮಾತ್ರ ಹೊಸದು, ದಾವಣಗೆರೆಯಿಂದ.

13 ಜನವರಿ, ಮಂಗಳವಾರ

ಅಳತೆ ಬೇಕು. ಅವಳಿಗೆ ಹೇಳುವುದಿಲ್ಲ — ಕೆಟ್ಟರೆ ನನ್ನ ಹತ್ತಿರವೇ ಕೆಡಲಿ. ಅವಳು ಒಗೆದು ಹಾಕಿ ಹೋದ ಲಂಗ ಹಿತ್ತಲಿನ ತಂತಿಯ ಮೇಲಿತ್ತು. ಟೇಪ್ ಹಿಡಿದೆ. ಮೂವತ್ತೆಂಟು ಇಂಚು. ಸೊಂಟದಿಂದ ಸೀಟಿನವರೆಗೆ ಹತ್ತು ಕಳೆದರೆ, ಕಾಲು ಇಪ್ಪತ್ತೆಂಟು. ಬುದ್ಧಿವಂತ ನಾನು ಅಂದುಕೊಳ್ಳುವಷ್ಟರಲ್ಲಿ ಹಿಂದೆ ಅವ್ವ.

"ಏನೋ ಅದು, ಹಾಡುಹಗಲೇ ಹೆಂಡ್ತಿ ಲಂಗ ಹಿಡ್ಕಂಡು ನಿಂತಿದೀಯ?"

"ಅಳತೆ, ಅವ್ವಾ."

"ಅಷ್ಟು ನೆನಪಾಗಿದ್ರೆ ರಾಜೀನಾಮೆ ಕೊಟ್ಟು ಮನೆಗೆ ಬಾ ಅನ್ನು ಅವ್ಳಿಗೆ."

ಮತ್ತೆ ಅದೇ ರಾಗ. ರೇಗಿತು. ಅವಳ ನೌಕರಿಯ ಮಾತು ಇನ್ನು ಈ ಮನೆಯಲ್ಲಿ ಎತ್ತಕೂಡದು ಅಂದುಬಿಟ್ಟೆ. ಅವ್ವ ಮಾತು ಬಿಟ್ಟಳು. ರೊಟ್ಟಿ ಮಾತ್ರ ಬಿಸಿಯಾಗಿಯೇ ಹಾಕಿದಳು.

26 ಜನವರಿ

ಮಿಲ್ಲಿಗೆ ರಜೆ. ಅಲ್ಲಿನ ವೆಲ್ಡಿಂಗ್ ಗ್ಯಾಸ್ ಸೆಟ್ ಕೇಳಿ ತಂದೆ. ಹಿತ್ತಲಲ್ಲಿ ಕಡಪ ಕಲ್ಲಿನ ಚಪ್ಪಡಿ ಹಾಸಿ ಅದರ ಮೇಲೆ ಪೈಪು ಜೋಡಿಸಿದೆ — ಮನೆಯಲ್ಲಿ ಅದರಷ್ಟು ಮಟ್ಟಸವಾದದ್ದು ಬೇರೆ ಇಲ್ಲ. ಬೆಸುಗೆ ಹಿಡಿಯಲು ಬಿಳಿಗಾರದ ಪುಡಿ ಹಚ್ಚಿ, ಹಿತ್ತಾಳೆ ಕಡ್ಡಿ ಹಿಡಿದು, ಉರಿ ಕೊಟ್ಟೆ. ಪೈಪು ಕೆಂಪಾಯಿತು... ಹಿತ್ತಾಳೆ ಇನ್ನೇನು ಒಳಗೆ ಇಳಿಯಬೇಕು — ಢಬ್! ಕಲ್ಲು ಸೀಳಿತು. ಕಡಲೆಕಾಯಿ ಬಿಡಿಸುತ್ತಿದ್ದ ಅವ್ವ ಮೊರದ ಸಮೇತ ಎದ್ದು ನಿಂತಳು. ಹದಿಮೂರು ದಿನದ ಮೇಲೆ ಮೊದಲ ಮಾತು: "ಮನೆ ಉಳಿಸ್ತೀಯೇನಪ್ಪ?"

ಪೈಪೂ ತೂತು. ಉರಿ ಜಾಸ್ತಿಯಾಯಿತು. ಮಿಲ್ಲಿನ ದಪ್ಪ ಕಬ್ಬಿಣಕ್ಕೆ ಒಗ್ಗಿದ ಕೈ ನನ್ನದು.

10 ಫೆಬ್ರುವರಿ

ಆರು ಜಾಯಿಂಟ್ ಕೆಟ್ಟ ಮೇಲೆ ಏಳನೆಯದು ಕೂತಿತು. ಈಗ ಗೊತ್ತಾಯಿತು: ಕಡ್ಡಿಯನ್ನು ಉರಿಗೆ ಹಿಡಿಯಬಾರದು. ಜಾಯಿಂಟನ್ನೇ ಕಾಯಿಸಿ ಸುಮ್ಮನೆ ಕಾಯಬೇಕು. ಬಿಸಿ ಸರಿಯಾದರೆ ಹಿತ್ತಾಳೆ ತಾನೇ ಸಂದಿಯೊಳಗೆ ಹರಿದುಹೋಗುತ್ತದೆ. ಅವಸರ ಮಾಡಿದರೆ ಹೊರಗೇ ಗಂಟು ಕಟ್ಟುತ್ತದೆ.

ಇವತ್ತು ಮಿಲ್ಲಿನಲ್ಲಿ ಯಾರೋ ಹೇಳಿದರು — ಐದು ವರ್ಷ ಆದ ಮೇಷ್ಟ್ರುಗಳು ಮಾರ್ಚ್ 31ರೊಳಗೆ ವರ್ಗಾವಣೆಗೆ ಅರ್ಜಿ ಕೊಡಬಹುದಂತೆ, ಮೊಳಕಾಲ್ಮೂರಿನ ಆಫೀಸಿಗೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಎಷ್ಟೋ ಜಾಗ ಖಾಲಿ. ಆಮೇಲೆ ಕೆಲಸದಲ್ಲಿ ಕೈ ನಿಲ್ಲಲಿಲ್ಲ. ಅವಳಿಗೆ ಗೊತ್ತಿರಲೇಬೇಕು. ನನಗೆ ಹೇಳಿಲ್ಲ. ಅಂದರೆ ಬರಲು ಮನಸ್ಸಿಲ್ಲ. ಏಳು ಮಕ್ಕಳಿದ್ದ ಶಾಲೆ ಈಗ ಮೂವತ್ತೆರಡು. ಒಂದೊಂದರ ಹೆಸರೂ ಹೇಳುತ್ತಾಳೆ, ಉಣ್ಣುವಾಗಲೂ.

ನಾನು ಬಾ ಅಂದರೆ ಬರುತ್ತಾಳೆ. ಅದೇ ಕಷ್ಟ. ಅವ್ವನ ಬಾಯಿ ಮುಚ್ಚಿಸಿದವನು ನಾನೇ ಈಗ ಹೇಗೆ ಕೇಳಲಿ? ಅವಳಾಗಿ ಬರಲಿ... ಸೈಕಲ್ ಆದರೆ ಅಲ್ಲಿರುವುದು ಅವಳಿಗೆ ಇನ್ನೂ ಸಲೀಸು. ಗೊತ್ತಿದ್ದೂ ಮಾಡುತ್ತಿದ್ದೇನೆ. ಹಿಮ್ಮಡಿ ಕಣ್ಣಿಗೆ ಬರುತ್ತದೆ, ಏನು ಮಾಡಲಿ.

22 ಫೆಬ್ರುವರಿ, ಭಾನುವಾರ

ಬರಲಿಲ್ಲ. ಪರೀಕ್ಷೆ ಕೆಲಸ ಅಂತ ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ. ಇಡೀ ದಿನ ಫೈಲು ಉಜ್ಜಿದೆ. ಮುಂದಿನಿಂದ ಹಿಂದಿನವರೆಗೆ ದಾರ ಕಟ್ಟಿ ನೋಡಿದೆ, ಫ್ರೇಮ್ ನೆಟ್ಟಗಿದೆ. ತೋರಿಸಲು ಅವಳಿಲ್ಲ. ಅವಳು ಬೇಕು. ಬೇರೆ ಏನೂ ತೋಚುತ್ತಿಲ್ಲ.

28 ಫೆಬ್ರುವರಿ, ಶನಿವಾರ

ಬಂದಳು. ಹಿತ್ತಲಿಗೆ ಕರೆದೆ. ಗೋಣಿಚೀಲ ತೆಗೆದೆ. ಬಣ್ಣ ಇನ್ನೂ ಇಲ್ಲ, ಹುಲಿಯಪ್ಪ ಕೊಟ್ಟ ಚಕ್ರ ತಾತ್ಕಾಲಿಕ.

"ನೀವು ಮಾಡಿದ್ದಾ? ನಂಗಾ?" ಎರಡು ಸಲ ಕೇಳಿದಳು. ಹತ್ತಿ ಕೂತಳು. ಪೆಡಲ್ ಕೆಳಗೆ ಹೋಯಿತು. ಕಾಲು ಗಾಳಿಯಲ್ಲಿ.

ಸೀಟು ತಳಕ್ಕೆ ಇಳಿಸಿದೆ. ಇನ್ನೂ ಎರಡಿಂಚು ಕಡಿಮೆ.

"ಅಳತೆ ಎಲ್ಲಿಂದ ತಗಂಡ್ರಿ?"

ಹೇಳಿದೆ. ಸೈಕಲ್ ಮೇಲೇ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅಂಗಡೀಲಿ ಸಿಗೋ ಲಂಗ ಎಲ್ಲಾ ನಂಗೆ ಉದ್ದಾನೇ ಕಣ್ರಿ. ಸೊಂಟದ ಹತ್ರ ಮಡಚಿ ಕಟ್ಕಂತೀನಿ. ಮದುವೆಯಾಗಿ ಆರು ವರ್ಷ ಆಯ್ತು... ನೋಡಿಲ್ವಾ?"

ನೋಡಿಲ್ಲ. ಆ ಪ್ರಶ್ನೆ ಅವಳು ನಗುತ್ತಲೇ ಕೇಳಿದಳು. ನನಗೆ ಮಾತ್ರ ನಾಚಿಕೆಯಾಯಿತು. ಬೇರೆ ಗಂಡಂದಿರಿಗೆ ತಿಂಗಳಲ್ಲಿ ತಿಳಿಯುವುದು ನನಗೆ ಆರು ವರ್ಷಕ್ಕೂ ತಿಳಿದಿಲ್ಲ.

1 ಮಾರ್ಚ್, ಭಾನುವಾರ

ಈ ಸಲ ಲಂಗ ಅಲ್ಲ, ಅವಳನ್ನೇ ಅಳೆದೆ. ಬಾಗಿಲಿಗೆ ಒರಗಿ ನಿಂತಳು. ಇಪ್ಪತ್ತಾರು. "ಸರಿಯಾಗಿ ನೋಡ್ರಿ" ಅಂದಳು. ಮತ್ತೆ ನೋಡಿದೆ. ಇಪ್ಪತ್ತಾರೇ. ಇನ್ನೊಮ್ಮೆ ನೋಡಿದೆ, ಸುಮ್ಮನೆ.

"ನಿಂಗೆ ಅಲ್ಲಿ ಖುಷಿ ಐತಾ?" ಅಂದೆ.

"ಯಾಕೆ ಕೇಳ್ತೀರಿ?" ನನ್ನನ್ನೇ ನೋಡಿದಳು.

"ಸುಮ್ನೆ."

ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡೆ. ದಡ್ಡ.

24 ಮಾರ್ಚ್

ಹಿಂಭಾಗ ಪೂರ್ತಿ ಕತ್ತರಿಸಿ ಮತ್ತೆ ಜೋಡಿಸಿದೆ. ಮೂರು ವಾರ. ಹಿತ್ತಾಳೆ ಹೇಳಿದ ಹಾಗೆ ಕೇಳಿತು. ಹುಲಿಯಪ್ಪ ಬಂದು ಫ್ರೇಮಿನ ಮೇಲೆ ನಿಂತೇಬಿಟ್ಟ, ಎರಡು ಕಾಲಲ್ಲಿ. ಬಗ್ಗಲಿಲ್ಲ. ಒಂದು ಜೊತೆ ಹೊಸ ಟೈರ್ ಇಟ್ಟು ಹೋದ. ಹಸಿರು ಬಣ್ಣ ಬಳಿದೆ.

29 ಮಾರ್ಚ್, ಭಾನುವಾರ

ಯುಗಾದಿ ನಿನ್ನೆ. ಹೋಳಿಗೆ ಉಂಡು ಬೀದಿಯಲ್ಲಿ ಸವಾರಿ. ತವರಿನಲ್ಲಿ ಅಣ್ಣನ ಸೈಕಲ್ ಒಳಪೆಡಲ್ ತುಳಿದು ಕಲಿತವಳು, ಮರೆತಿಲ್ಲ. ಪಾದ ಪೂರ್ತಿ ಊರಿತು. ಬೀದಿಯ ಹೆಂಗಸರೆಲ್ಲ ಹೊರಗೆ. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಆದರೆ ಇಳಿದ ಮೇಲೆ ಅವಳು ಮಂಕಾದಳು. ದಣಿವು ಅಂದುಕೊಂಡೆ.

ಸೈಕಲ್ ಸಾಗಿಸಬೇಕೆಂದು ಈ ಸಲ ಇವತ್ತೇ ಹೊರಟಳು; ಮಧ್ಯಾಹ್ನದ ಬಸ್ಸಿನ ಟಾಪಿಗೆ ಅದನ್ನು ಏರಿಸಿ ಹಗ್ಗ ಬಿಗಿದೆ. "ಇನ್ಮೇಲೆ ಆರಾಮಾಗಿ ಇರಬೌದು ನೀನು" ಅಂದೆ. ಕಿಟಕಿಯಿಂದ ತಲೆ ಆಡಿಸಿದಳು. "ಹ್ಞೂಂ ರಿ. ಇರ್ತೀನಿ."

30 ಮಾರ್ಚ್, ಸೋಮವಾರ, ಸಂಜೆ

ಅವ್ವ ಕಾಫಿ ಇಟ್ಟು ಅಲ್ಲೇ ಕೂತಳು.

"ಅವ್ಳು ವರ್ಗದ ಅರ್ಜಿ ಬರ್ದು ಚೀಲದಾಗೆ ಇಟ್ಕಂಡು ತಿಂಗ್ಳಾಗೈತೆ ಕಣೋ. ಚಳ್ಳಕೆರೆ ಅಂತ ಬರ್ದವ್ಳೆ. ಹಬ್ಬದ ದಿನ ನಂಗೆ ತೋರ್ಸಿದ್ಲು."

"ಕೊಟ್ಟಿಲ್ವಾ? ಯಾಕೆ?"

"ನೀನು ಒಂದ್ಮಾತು ಬಾ ಅಂತೀಯೇನೋ ಅಂತ ಕಾಯ್ತಿದ್ಲು. ನೀನು ಸೈಕಲ್ ಕೊಟ್ಟೆ. 'ಅಲ್ಲೇ ಇರು ಅಂತ ತಾನೇ, ಅತ್ತೆ, ಇದರ ಅರ್ಥ, ಬಾಯಿಬಿಟ್ಟು ಹೇಳ್ಬೇಕಾ' ಅಂದ್ಲು."

"ನಿನ್ನೆನೇ ಹೇಳೋಕೆ ಏನಾಗಿತ್ತು ಅವ್ವಾ?"

"ಅವ್ಳ ನೌಕ್ರಿ ಮಾತು ಎತ್ಬೇಡ ಅಂದೋನು ನೀನೇ ಅಲ್ವೇನೋ."

ಸಿದ್ದಾಪುರಕ್ಕೆ ಹೋಗುವ ಬಸ್ ಎಲ್ಲ ಹೋಗಿವೆ. ಹಟ್ಟಿಯಲ್ಲಿ ಫೋನ್ ಇಲ್ಲ. ಅವಳು ನಡೆಯದಿರಲಿ ಅಂತ ಮಾಡಿದೆ. ದೂರ ಇಡಲು ಮಾಡಿದ ಹಾಗಾಯಿತು.

31 ಮಾರ್ಚ್, ಮಂಗಳವಾರ, ಬೆಳಗ್ಗೆ 5.20, ಬಸ್ ಸ್ಟ್ಯಾಂಡ್

ಆಫೀಸು ಸಂಜೆ ಐದರವರೆಗೆ. ಒಂಬತ್ತೂವರೆಯೊಳಗೆ ಶಾಲೆ ಸೇರಬಹುದು. ಎದುರು ನಿಂತರೆ ಬಾಯಿ ಕಟ್ಟುತ್ತದೆ. ಬರೆದುಕೊಂಡೇ ಹೋಗುತ್ತೇನೆ.

ದಾಕ್ಷಾಯಿಣಿ, ಮಕ್ಕಳನ್ನು ಬಿಟ್ಟು ಬರುವುದು ಕಷ್ಟ ಅಂತ ನನಗೆ ಗೊತ್ತು. ನಿನಗೆ ಇಷ್ಟವಿದ್ದರೆ ಮಾತ್ರ —

ಇಲ್ಲ. ಇದು ಬೇಡ. ಹೀಗೆ ಸುತ್ತಿ ಬಳಸಿಯೇ ಐದು ವರ್ಷ ಹೋಯಿತು.

ಬಸ್ ಬಂತು.

ದಾಕ್ಷಾಯಿಣಿ, ಮನೆಗೆ ಬಾ. ನೀನಿಲ್ಲದೆ ನನಗೆ —